ಐರ್ಲೆಂಡಿನ ಭಾಷಾನಷ್ಟ: ಹೈಡ್–ಯೇಟ್ಸ್ ವಾದದ ವಿವೇಚನೆ

ಜನಾಂಗವೊಂದು ತನ್ನ ಭಾಷೆಯನ್ನು ತೊರೆದ ಮೇಲೆಯೂ ಅದೇ ಜನಾಂಗವಾಗಿ ಉಳಿಯಬಲ್ಲುದೆ? ಐರ್ಲೆಂಡಿನ ಸಾಹಿತ್ಯಚರಿತ್ರೆಯಲ್ಲಿ ಈ ಪ್ರಶ್ನೆಗೆ ಎರಡು ಪ್ರಸಿದ್ಧವಾದ ಉತ್ತರಗಳುಂಟು. ಒಂದು, ವಿದ್ವಾಂಸನಾದ ಡಗ್ಲಸ್ ಹೈಡ್ 1892ರ ನವೆಂಬರಿನಲ್ಲಿ ಡಬ್ಲಿನ್ ನಗರದಲ್ಲಿ ಮಾಡಿದ ಉಪನ್ಯಾಸ. ಇನ್ನೊಂದು, ಮರುತಿಂಗಳು ಕವಿ ಯೇಟ್ಸ್ ಪತ್ರಿಕೆಯೊಂದಕ್ಕೆ ಬರೆದ ಪತ್ರ. ಇವುಗಳಲ್ಲಿ ಯಾವುದು ಸರಿಯೆಂದು ಕೇಳುವುದು ವಾಡಿಕೆ. ಎರಡನೆಯ ಉತ್ತರವು ಮೊದಲನೆಯದರ ಆಶ್ರಯದಲ್ಲಿಯೇ ನಿಂತಿದೆ ಎಂಬುದನ್ನು ಕೃತಿಗಳ ಮೂಲಕ ತೋರಿಸುವುದು ನಮ್ಮ ಉದ್ದೇಶ.

ಮೊದಲು ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. 1831ರಲ್ಲಿ ಆರಂಭವಾದ ಸರ್ಕಾರಿ ಪಾಠಶಾಲೆಗಳ ಬೋಧನೆ ಇಂಗ್ಲಿಷಿನಲ್ಲಿ ನಡೆಯಿತು. 1845ರಲ್ಲಿ ತೊಡಗಿದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ, ಅಥವಾ ಇನ್ನೂ ಹೆಚ್ಚು ಮಂದಿ, ದೇಶ ಬಿಟ್ಟರು. ಐರಿಷ್ ಆಡುತ್ತಿದ್ದ ಪಶ್ಚಿಮದ ಬಡಜನರಿಗೇ ಅದರ ಹೊಡೆತ ಹೆಚ್ಚಾಗಿ ತಾಕಿತು. 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು ಹದಿನೈದು ಲಕ್ಷ. ಎಂದರೆ ನಾಲ್ವರಲ್ಲಿ ಒಬ್ಬನಿಗಿಂತ ಕಡಿಮೆ. ವಲಸೆಗೂ ಉದ್ಯೋಗಕ್ಕೂ ಇಂಗ್ಲಿಷೇ ಬೇಕೆಂದು ಕಂಡ ತಂದೆತಾಯಿಗಳು ಮಕ್ಕಳೊಡನೆ ತಮ್ಮ ನುಡಿಯನ್ನಾಡುವುದನ್ನೇ ಬಿಟ್ಟರು. ಭಾಷೆಯು ರಾಜಶಾಸನದಿಂದ ಕುಗ್ಗಿದ್ದಕ್ಕಿಂತ ಹೆಚ್ಚಾಗಿ ಮನೆಯ ಒಲೆಯ ಬಳಿ ಕುಗ್ಗಿತು.

ಈ ಸ್ಥಿತಿಯಲ್ಲಿ ಹೈಡನ ವಾದವು ತೀಕ್ಷ್ಣವಾದುದು. ಇಂಗ್ಲಿಷರನ್ನು ದ್ವೇಷಿಸುತ್ತೇವೆನ್ನುವವರೇ ಅವರನ್ನು ಅನುಕರಿಸುತ್ತಿದ್ದಾರೆ. ಭಾಷೆಯನ್ನೂ ಹೆಸರುಗಳನ್ನೂ ಬಿಟ್ಟುಕೊಟ್ಟು ಪ್ರತ್ಯೇಕ ರಾಷ್ಟ್ರವೆಂದು ಹೇಳಿಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಅವನ ಆಕ್ಷೇಪಣೆ. 1893ರಲ್ಲಿ ಸ್ಥಾಪಿತವಾದ ಗೇಲಿಕ್ ಲೀಗಿಗೆ ಅವನೇ ಪ್ರಥಮಾಧ್ಯಕ್ಷನಾದನು. ಐರಿಷ್ ಬಾರದ ಯೇಟ್ಸನಾದರೋ, ಭಾಷೆ ಇಂಗ್ಲಿಷಾದರೂ ಅಂತಃಸತ್ತ್ವದಲ್ಲಿ ಐರಿಷ್ ಆದ ರಾಷ್ಟ್ರಸಾಹಿತ್ಯವನ್ನು ಕಟ್ಟಬಹುದೆಂದು ವಾದಿಸಿದನು. ಅವನೂ ಸಿಂಜನೂ ರಚಿಸಿದ ಸಾಹಿತ್ಯವನ್ನು ಕಂಡವರು ಈ ಮಾತನ್ನು ಸುಳ್ಳೆನ್ನಲಾರರು.

ಆದರೆ ಆ ಅಂತಃಸತ್ತ್ವ ಎಲ್ಲಿಂದ ಬಂದಿತು? ಹೈಡನು 1893ರಲ್ಲಿ ಪ್ರಕಟಿಸಿದ ‘ಕಾನಾಟಿನ ಪ್ರೇಮಗೀತೆಗಳು’ ಸಂಕಲನದಲ್ಲಿ ಐರಿಷ್ ಮೂಲವೂ ಇಂಗ್ಲಿಷ್ ಅನುವಾದವೂ ಎದುರುಬದುರಾಗಿವೆ. ಅಲ್ಲಿನ ಗದ್ಯಾನುವಾದಗಳು ಮೂಲದ ವಾಕ್ಯಸರಣಿಯನ್ನು ಅನುಸರಿಸಿ ಹೊಸದೊಂದು ಇಂಗ್ಲಿಷನ್ನು ತೋರಿಸಿಕೊಟ್ಟವು. ಸಿಂಜನು ಐರಿಷ್ ಕಲಿತು, 1898ರಿಂದ ಪದೇ ಪದೇ ಆರಾನ್ ದ್ವೀಪಗಳಿಗೆ ಹೋಗಿ ಅಲ್ಲಿಯ ಜನರೊಡನಿದ್ದು ಕಿವಿಯನ್ನು ಹದಗೊಳಿಸಿಕೊಂಡನು. ‘ಈಗತಾನೆ ಉಂಡೆ’ ಎನ್ನಲು ಐರಿಷ್ ಮಾತುಗಾರನು ‘ಉಂಡ ಮೇಲೆ ಇದ್ದೇನೆ’ ಎಂಬ ರೀತಿಯಲ್ಲಿ ಹೇಳುತ್ತಾನೆ. ಈ ಸರಣಿಯೇ ಅಲ್ಲಿಯ ಇಂಗ್ಲಿಷಿಗೂ ಇಳಿದಿದೆ. ಯೇಟ್ಸನ ಮಾರ್ಗಕ್ಕೆ ಬೇಕಾದ ಬಂಡವಾಳವನ್ನು ಒದಗಿಸಿದುದು ಹೈಡನು ಉಳಿಸಹೊರಟ ಭಾಷೆಯೇ ಎಂಬುದು ಇದರಿಂದ ವಿಶದವಾಗುತ್ತದೆ.

1980ರಲ್ಲಿ ಡೆರಿ ನಗರದಲ್ಲಿ ಮೊದಲು ಅಭಿನಯಗೊಂಡ ಬ್ರಯನ್ ಫ್ರೀಲನ ‘ಟ್ರಾನ್ಸ್‌ಲೇಷನ್ಸ್’ ನಾಟಕವು ಈ ಋಣವನ್ನೇ ವಸ್ತುವಾಗಿಸಿಕೊಂಡಿದೆ. ಕಥೆ ನಡೆಯುವುದು 1833ರಲ್ಲಿ, ನಮ್ಮ ಕೂಲಿಮಠಗಳನ್ನು ಹೋಲುವ ಹಳ್ಳಿಯ ಪಾಠಶಾಲೆಯೊಂದರಲ್ಲಿ. ಭೂಮಾಪನಕ್ಕೆ ಬಂದ ಸೈನಿಕರು ಊರುಕೇರಿಗಳ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಹಳ್ಳಿಗರು ಆಡುವುದು ಐರಿಷ್ ಎಂದು ನಾವು ಭಾವಿಸಿಕೊಳ್ಳಬೇಕು. ರಂಗದ ಮೇಲೆ ಕೇಳುವುದು ಇಂಗ್ಲಿಷ್. ಸೈನಿಕನೂ ಹಳ್ಳಿಯ ಹುಡುಗಿಯೂ ಪ್ರೇಮದ ಮಾತನಾಡುವಾಗ ಇಬ್ಬರ ನುಡಿಯೂ ನಮಗೆ ತಿಳಿಯುತ್ತದೆ, ಅವರಿಗೆ ಪರಸ್ಪರ ತಿಳಿಯದು. ಈ ದೃಶ್ಯದ ಕರುಣೆಯೆಲ್ಲ ಕೇಳಿಸದೆ ಇರುವ ಭಾಷೆಯಿಂದ ಹುಟ್ಟಿದೆ. ಇಂಗ್ಲಿಷ್ ಇಲ್ಲಿ ಐರಿಷಿನ ಅಭಾವವನ್ನು ಹೇಳಬಲ್ಲುದು. ಅದರ ಸ್ಥಾನವನ್ನು ತುಂಬಲಾರದು.

ತುಂಬಲಾಗದುದು ಯಾವುದೆಂಬುದನ್ನು ಮಾರ್ಟೀನ್ ಓ ಕೈನನ ಐರಿಷ್ ಕಾದಂಬರಿ ‘ಕ್ರೇ ನ ಕಿಲ್ಲೆ’ (1949) ತೋರಿಸುತ್ತದೆ. ಅದರ ಪಾತ್ರಗಳೆಲ್ಲ ಮಶಾನದಲ್ಲಿ ಹೂತ ಸತ್ತವರು. ಮಣ್ಣಿನೊಳಗೂ ಜಗಳ, ಚಾಡಿ, ಬೈಗುಳಗಳನ್ನು ಬಿಡದವರು. ಇಲ್ಲಿ ಕಥೆಯೆಂದರೆ ಮಾತೇ. ಇದರ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಬಂದುದು 2015ರಲ್ಲಿ. ಸತ್ತವರನ್ನು ಇಷ್ಟು ಜೀವಂತವಾಗಿ ಮಾತನಾಡಿಸಲು ಬದುಕಿರುವ ಊರೊಂದರ ಆಡುನುಡಿ ಬೇಕಾಯಿತೆಂಬುದು ಗಮನಾರ್ಹ.

ಹೈಡನ ಪಕ್ಷದ ದೌರ್ಬಲ್ಯವನ್ನೂ ಮರೆಮಾಚಬಾರದು. 1937ರ ಸಂವಿಧಾನವು ಐರಿಷನ್ನು ರಾಷ್ಟ್ರಭಾಷೆಯೆಂದೂ ಪ್ರಥಮ ಅಧಿಕೃತಭಾಷೆಯೆಂದೂ ಸಾರಿತು. ಮರುವರ್ಷ ಹೈಡನೇ ಪ್ರಥಮ ರಾಷ್ಟ್ರಾಧ್ಯಕ್ಷನಾದನು. ಆದರೂ 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವೆಂದವರು ಹದಿನೆಂಟು ಲಕ್ಷಕ್ಕೂ ಹೆಚ್ಚಿದ್ದರೆ, ಶಾಲೆಯ ಹೊರಗೆ ದಿನವೂ ಆಡುವವರು 72 ಸಾವಿರವನ್ನೂ ಮುಟ್ಟಲಿಲ್ಲ. ಒಲೆಯ ಬಳಿ ಕಳೆದುದನ್ನು ಶಾಲೆಯ ಹಲಗೆಯ ಮುಂದೆ ಪೂರ್ಣವಾಗಿ ಮರಳಿ ಪಡೆಯುವುದು ಕಷ್ಟಸಾಧ್ಯ. ಐರಿಷ್ ಜನ ಭಾಷೆಯನ್ನು ಬಹುಮಟ್ಟಿಗೆ ಕಳೆದುಕೊಂಡೂ ರಾಷ್ಟ್ರವಾಗಿ ಉಳಿದರೆಂಬುದು ನಿಜ. ಆದರೆ ಆ ರಾಷ್ಟ್ರದ ಸಾಹಿತ್ಯವು ತನ್ನ ವೈಶಿಷ್ಟ್ಯಕ್ಕಾಗಿ ಮತ್ತೆ ಮತ್ತೆ ಆ 72 ಸಾವಿರ ಜನರ ಪೂರ್ವಿಕರ ಮನೆಬಾಗಿಲಿಗೆ ಹೋಗಬೇಕಾಯಿತು.

ಈ ವಾದದ ಪ್ರತಿಧ್ವನಿಯೊಂದು ಕನ್ನಡ ಸಾಹಿತ್ಯದಲ್ಲಿಯೂ ಉಂಟು. ಡಬ್ಲಿನ್ನಿನ ಸಾಹಿತ್ಯ ಚಳವಳಿಯಲ್ಲಿ ಭಾಗಿಯಾಗಿದ್ದ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಾಗ, ಇಂಗ್ಲಿಷ್ ಕವನಗಳನ್ನು ತೋರಿಸಿದ ತರುಣ ಪುಟ್ಟಪ್ಪನವರಿಗೆ ತಾಯ್ನುಡಿಯಲ್ಲಿ ಬರೆಯಿರೆಂದು ಸಲಹೆಯಿತ್ತ ಸಂಗತಿ ಸುವಿದಿತವಾದುದು. ಕಸಿನ್ಸ್ ಸ್ವತಃ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಯೇಟ್ಸನ ದಾರಿಯಲ್ಲಿ ನಡೆದವನೊಬ್ಬ ಇಲ್ಲಿ ಹೈಡನ ಮಾತನ್ನಾಡಿದನು. ಕೇಳಿದವರ ಭಾಷೆ ಆಗ ಮನೆಮನೆಯಲ್ಲಿಯೂ ಬಾಳುತ್ತಿದ್ದುದರಿಂದ ಆ ಮಾತು ಫಲಿಸಿತು.