ಚದುರಂಗದ ಯಂತ್ರ: ಬಲವೂ ವಿವರಣೆಯೂ

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ರಚಿಸಿದ ಕುದುರೆನಡೆಯ ಅಂಕಿಬಂಧಗಳನ್ನು ಓದುಗನು ಮನೆಮನೆಗೂ ಪರೀಕ್ಷಿಸಿ ಒಪ್ಪಬಹುದು. ಇಂದಿನ ಚದುರಂಗದ ತಂತ್ರಾಂಶಗಳನ್ನೂ ಇದೇ ಒರೆಗಲ್ಲಿಗೆ ಹಚ್ಚುವುದು ಯುಕ್ತ.

ನಡೆಯನ್ನು ಎಣಿಸುವ ಯಂತ್ರ ಬೇರೆ, ಮಣೆಯನ್ನು ತೋರುವ ಮುಖ ಬೇರೆ ಎಂಬ ಪದ್ಧತಿಯನ್ನು 2000ದಲ್ಲಿ ಪ್ರಕಟವಾದ ಯುಸಿಐ ಎಂಬ ಸಂವಾದಕ್ರಮವು ದೃಢಪಡಿಸಿತು. ಇದರ ಲಾಭವು ನಿರ್ವಿವಾದ: ಯಂತ್ರವನ್ನು ಮುಟ್ಟದೆಯೇ ಮುಖಕ್ಕೆ ಕನ್ನಡವನ್ನು ತೊಡಿಸಬಹುದು, ಮುಖದ ಚಿಂತೆಯಿಲ್ಲದೆ ಯಂತ್ರದ ಬಲವನ್ನು ಬೆಳೆಸಬಹುದು. ಆದರೆ ಆ ಸಂವಾದದಲ್ಲಿ ಸಾಗಿಬರುವುದು ನಡೆ, ಅದರ ಬೆಲೆ, ಮುಂದಿನ ನಡೆಗಳ ಸಾಲು; ಕಾರಣಕ್ಕೆ ಅಲ್ಲಿ ಎಡೆಯಿಲ್ಲ.

2008ರ ‘ಸ್ಟಾಕ್‌ಫಿಶ್’ ಯಂತ್ರದಲ್ಲಿ ರಾಜನ ರಕ್ಷೆ, ಕಾಲಾಳುಗಳ ಕಟ್ಟು ಮುಂತಾದವುಗಳ ಬೆಲೆಯನ್ನು ಮನುಷ್ಯರೇ ನಿಯಮಗಳಾಗಿ ಬರೆದಿದ್ದರು. ಅವನ್ನು ಬಿಡಿಬಿಡಿಯಾಗಿ ಓದಬಹುದಾಗಿತ್ತು. 2020ರಲ್ಲಿ ನರಜಾಲವು ಸೇರಿತು, 2024ರ 16.1ನೆಯ ಆವೃತ್ತಿಯಲ್ಲಿ ಆ ನಿಯಮಗಳು ಪೂರ್ಣವಾಗಿ ಲೋಪವಾದುವು. ಬಲ ಹೆಚ್ಚಿತು, ಮಾತು ನಿಂತಿತು.

ಸ್ಪರ್ಧೆಯ ದೃಷ್ಟಿಯಿಂದ ಇದು ದೋಷವಲ್ಲ. ತುಮಕೂರು ಸೀಮೆಯ ಬಿದರೆಹಳ್ಳಿ ಕಾವಲಿನಂಥ ಊರಿನಲ್ಲಿ ಗುರುವಿಲ್ಲದೆ ಕಲಿಯುವವನಿಗಾದರೋ ಕನ್ನಡದ ಮುಖವು ದೊರೆತರೂ ಕನ್ನಡದ ಕಾರಣವು ದೊರೆಯದು. ಆದುದರಿಂದ ವಿವರಣೆಯನ್ನು ಕಟ್ಟುವ ಹೊಣೆ ಮುಖವನ್ನು ರಚಿಸುವವರದು. ಅದನ್ನು ಬರಿಯ ಅಲಂಕಾರವೆಂದು ಎಣಿಸುವುದು ಸಲ್ಲದು.