ಅವಮಾನ ಮತ್ತು ಅದ್ಭುತ: ಕಿಶೋರಕಥೆಯಲ್ಲಿ ಶಾಲೆಯ ನೋವು

ಶೋಕವು ಶ್ಲೋಕವಾಯಿತೆಂಬ ಮಾತು ಭಾರತೀಯ ಕಾವ್ಯಮೀಮಾಂಸೆಯ ಮೊದಲ ಪಾಠಗಳಲ್ಲೊಂದು. ಕ್ರೌಂಚವಧೆಯನ್ನು ಕಂಡು ವಾಲ್ಮೀಕಿಯಲ್ಲಿ ಹುಟ್ಟಿದ ಸಂಕಟವೇ ಆದಿಕಾವ್ಯಕ್ಕೆ ಬೀಜವಾಯಿತೆಂಬ ಐತಿಹ್ಯವನ್ನು ಆನಂದವರ್ಧನಾದಿಗಳು ಎತ್ತಿ ಆಡಿದ್ದಾರೆ. ಆದರೆ ಅಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಾಲ್ಮೀಕಿ ಕಂಡದ್ದು ಪರರ ನೋವು. ಬಾಣ ನೆಟ್ಟದ್ದು ಆತನ ಎದೆಯಲ್ಲಲ್ಲ. ತನ್ನ ಎದೆಯಲ್ಲಿಯೇ ಬಾಣ ನೆಟ್ಟವನು ಕಥೆಯನ್ನು ಕಟ್ಟುವ ಬಗೆ ಹೇಗೆ? ಅದರಲ್ಲಿಯೂ ಆ ಪೆಟ್ಟು ಹದಿಮೂರು ಹದಿನಾಲ್ಕರ ಹರೆಯದಲ್ಲಿ, ಪ್ರೌಢಶಾಲೆಯ ಅಂಗಳದಲ್ಲಿ, ಓರಗೆಯವರಿಂದಲೇ ಬಿದ್ದದ್ದಾದರೆ ಅದು ಕಲೆಯಾಗುವ ದಾರಿ ಯಾವುದು? ಈಚಿನ ಕಿಶೋರ ಸಾಹಿತ್ಯದಲ್ಲಿ ಇಂತಹ ಅನುಭವಗಳು ಬಹುಮಟ್ಟಿಗೆ ಅದ್ಭುತಕಥೆಯ ವೇಷದಲ್ಲಿಯೇ ಬರುತ್ತಿರುವುದರಿಂದ ಈ ಪ್ರಶ್ನೆ ವಿಚಾರಾರ್ಹವಾಗಿದೆ.

ಈ ನೋವಿಗೆ ತನ್ನದೇ ಆದ ಒಂದು ಸ್ವರೂಪವುಂಟು. ಹೆಸರನ್ನು ತಿರುಚಿ ಕರೆಯುವುದು, ಉಚ್ಚಾರಣೆಯನ್ನು ಅಣಕಿಸುವುದು, ಬುತ್ತಿಯನ್ನು ಕಂಡು ಮೂಗು ಮುರಿಯುವುದು, ಆಟದ ಗುಂಪಿನಿಂದ ಹೊರಗಿಡುವುದು: ಬಿಡಿಬಿಡಿಯಾಗಿ ನೋಡಿದರೆ ಇವು ಅಲ್ಪ. ಹಿರಿಯರು ಇವನ್ನು ಹುಡುಗಾಟವೆಂದು ತಳ್ಳಿಹಾಕುವರು. ಅನುಭವಿಸುವವನಿಗಾದರೋ ಇವೇ ಪ್ರಪಂಚ. ನಾಗಪುರದ ಬಜಾಜ್ ನಗರದಂತಹ ಬಡಾವಣೆಯಲ್ಲಿ ಬೆಳೆಯುವ ಕನ್ನಡ ಮನೆಯ ಮಕ್ಕಳನ್ನು ನೆನೆದರೆ ಇದು ಸ್ಪಷ್ಟವಾದೀತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್ ಎಂಬ ನಾಲ್ಕು ಹೊಸ್ತಿಲುಗಳನ್ನು ದಿನವೂ ದಾಟುವ ಮಗುವಿಗೆ ಎಡವುವ ಅವಕಾಶಗಳೂ ನಾಲ್ಕುಪಟ್ಟು. ಬಡಾವಣೆಯ ಸಮೀಪದಲ್ಲಿಯೇ 1960ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ವಿದ್ಯಾಸಂಸ್ಥೆಯು ಕನ್ನಡನಾಡಿನ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ. ಆದರೂ ಆ ದೊಡ್ಡ ಹೆಸರಿನ ನೆರಳು ತರಗತಿಯ ಹಿಂದಿನ ಬೆಂಚಿನವರೆಗೆ ಚಾಚುವುದಿಲ್ಲ. ಮಹಾರಾಷ್ಟ್ರದಲ್ಲಿ 1999ರಲ್ಲಿ ರ್ಯಾಗಿಂಗ್ ನಿಷೇಧದ ಕಾಯಿದೆಯಾಯಿತು. ಕಾಯಿದೆಯು ಎತ್ತಿದ ಕೈಯನ್ನು ಹಿಡಿಯಬಲ್ಲುದು. ತುಟಿಯಂಚಿನ ನಗೆಯನ್ನು ಹಿಡಿಯಲಾರದು. ಆ ನಗೆಯನ್ನು ಹಿಡಿಯಬಲ್ಲುದು ಸಾಹಿತ್ಯ.

ಆದರೆ ಎಲ್ಲ ಅವಮಾನವೂ ಅದ್ಭುತದ ಉಡುಪನ್ನು ಬೇಡುವುದಿಲ್ಲವೆಂಬುದನ್ನು ಮೊದಲೇ ಹೇಳಬೇಕು. ಇದೇ ಬಡಾವಣೆಗೆ ಹತ್ತಿರದಲ್ಲಿರುವ ದೀಕ್ಷಾಭೂಮಿಯಲ್ಲಿ 1956ರ ಅಕ್ಟೋಬರ್ 14ರಂದು ಬೌದ್ಧಧರ್ಮವನ್ನು ಸ್ವೀಕರಿಸಿದ ಡಾ. ಅಂಬೇಡ್ಕರ್ ಅವರು ತಮ್ಮ ಶಾಲಾದಿನಗಳ ಕೆಲವು ಸಂಗತಿಗಳನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಕಿರುಬರಹದಲ್ಲಿ ದಾಖಲಿಸಿದ್ದಾರೆ. ಕೂಡಲು ಮನೆಯಿಂದಲೇ ತರಬೇಕಾಗಿದ್ದ ಗೋಣಿತಟ್ಟು, ಜವಾನನು ನಲ್ಲಿ ತಿರುಗಿಸದ ಹೊರತು ದೊರೆಯದ ನೀರು—ಇವನ್ನು ಅವರು ಉಪಮೆಯಿಲ್ಲದೆ, ಉದ್ವೇಗವಿಲ್ಲದೆ, ಸಾಕ್ಷಿ ನುಡಿಯುವವನ ನಿಷ್ಠುರತೆಯಿಂದ ಹೇಳುತ್ತಾರೆ. ಅಲ್ಲಿ ಅಪರಾಧಿ ಒಬ್ಬ ಬಾಲಕನಲ್ಲ; ಇಡೀ ಸಮಾಜವ್ಯವಸ್ಥೆ. ಅಂತಹೆಡೆ ಮಾಯಾದಂಡವೊಂದು ಬಂದು ನೀರು ಕೊಟ್ಟಿದ್ದರೆ ಅದು ವ್ಯವಸ್ಥೆಗೆ ಕ್ಷಮೆ ಕೊಟ್ಟಂತಾಗುತ್ತಿತ್ತು. ಸಾಕ್ಷ್ಯ ಬೇಕಾದ ಕಡೆ ಸಾಕ್ಷ್ಯವೇ ಬೇಕು. ಅದ್ಭುತಕ್ಕೆ ಎಡೆಯಿರುವುದು ಸಾಕ್ಷ್ಯದ ಭಾಷೆ ಸೋಲುವಲ್ಲಿ. ಪೆಟ್ಟಿನ ಗುರುತು ಮೈಮೇಲಿಲ್ಲದೆ ಒಳಗೆ ಮಾತ್ರ ಉಳಿದಿರುವಲ್ಲಿ.

ಈ ಎಡೆಯನ್ನು ಕನ್ನಡದ ಅಜ್ಜಿಯರು ಬಹು ಹಿಂದೆಯೇ ಅರಿತಿದ್ದರೆಂಬುದಕ್ಕೆ ಹೂಮರವಾಗುವ ಹುಡುಗಿಯ ಕಥೆಯೇ ನಿದರ್ಶನ. ಎ. ಕೆ. ರಾಮಾನುಜನ್ (1929–1993) ಕನ್ನಡನಾಡಿನಲ್ಲಿ ಸಂಗ್ರಹಿಸಿದ ಈ ಕಥೆಯು ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಜನಪದ ಕಥಾಸಂಕಲನಕ್ಕೆ ಹೆಸರನ್ನೂ ಕೊಟ್ಟಿದೆ. ಕೂಲಿ ಮಾಡಿ ಸಾಕುವ ತಾಯಿಯ ಕಷ್ಟವನ್ನು ನೋಡಲಾರದೆ ಕಿರಿಯ ಮಗಳು ಹೂಮರವಾಗುತ್ತಾಳೆ. ಉಗುರು ಸೋಕದ ಎರಡು ಕೊಡ ನೀರು ಬೇಕು. ಒಂದನ್ನು ಸುರಿದರೆ ಮರವಾಗುವಳು, ಇನ್ನೊಂದನ್ನು ಸುರಿದರೆ ಮರಳಿ ಮನುಷ್ಯಳಾಗುವಳು. ನಡುವೆ ಹೂವನ್ನು ಮಾತ್ರ ಕೀಳಬೇಕು. ಎಲೆ ಕೊಂಬೆಗಳು ನೋಯಬಾರದು. ಅಕ್ಕನೊಬ್ಬಳೇ ಜತೆಗಿರುವಾಗ ಈ ನಿಯಮ ತಪ್ಪುವುದಿಲ್ಲ. ರಾಜಕುಮಾರನನ್ನು ಮದುವೆಯಾದ ಮೇಲೆ ನಾದಿನಿಯು ಗೆಳತಿಯರ ಮುಂದೆ ಮೆರೆಯುವುದಕ್ಕಾಗಿ ಈಕೆಯನ್ನು ಬಲವಂತದಿಂದ ತೋಟದಲ್ಲಿ ಮರವಾಗಿಸುತ್ತಾಳೆ. ಹುಡುಗಿಯರ ಗುಂಪು ಕೊಂಬೆಗಳನ್ನು ಮುರಿಯುತ್ತದೆ. ಮಳೆ ಬರುತ್ತಲೇ ನೀರನ್ನು ಅಡ್ಡಾದಿಡ್ಡಿಯಾಗಿ ಎರಚಿ ಓಡಿಬಿಡುತ್ತದೆ. ಉಳಿದದ್ದು ಕೈಕಾಲುಗಳಿಲ್ಲದ ಅರ್ಧದೇಹ.

ಈ ಪ್ರಸಂಗದ ಔಚಿತ್ಯವನ್ನು ಎಷ್ಟು ವಿವರಿಸಿದರೂ ಸಾಲದು. ಹೂವಾಗುವುದೆಂದರೆ ಮೈನೆರೆಯುವುದೆಂಬ ಧ್ವನಿ 'ಪುಷ್ಪವತಿ' ಎಂಬ ಮಾತಿನಲ್ಲಿಯೇ ಇದೆ. ಆದುದರಿಂದ ಇದು ಹರೆಯದ ಕಥೆ. ಮರವಾಗಿರುವಾಗ ಆಕೆಗೆ ಬಾಯಿಲ್ಲ, ಓಡಲು ಕಾಲಿಲ್ಲ. ಓರಗೆಯವರ ನಡುವೆ ಸಿಕ್ಕಿಬಿದ್ದ ಮಗುವಿನ ಸ್ಥಿತಿಯೂ ಇದೇ. ಹಿಂಸಿಸಿದವರು ರಾಕ್ಷಸಿಯರಲ್ಲ. ಅವರಿಗೆ ಹಗೆಯೂ ಇಲ್ಲ. ಇರುವುದು ಹುರುಪು, ಅಜಾಗರೂಕತೆ, ಗುಂಪಿನ ಧೈರ್ಯ. ಮಳೆಗೆ ಹೆದರಿ ಓಡಿದ ಆ ಗೆಳತಿಯರಲ್ಲಿ ಒಬ್ಬಳಾದರೂ ಹಿಂದಿರುಗಿ ನೋಡಲಿಲ್ಲ. ಶಾಲೆಯಂಗಳದ ಕ್ರೌರ್ಯವನ್ನು ಇದಕ್ಕಿಂತ ನಿಜವಾಗಿ ಹೇಳುವುದು ಕಷ್ಟ. ಕಡೆಗೆ ಪತಿಯು ಆಕೆಯನ್ನು ಗುರುತಿಸಿ ಒಂದು ಕೊಡ ನೀರು ಸುರಿದು ಮರವಾಗಿಸುತ್ತಾನೆ. ಮುರಿದ ಕೊಂಬೆಗಳನ್ನು ಒಂದೊಂದಾಗಿ ನೆಟ್ಟಗೆ ಕೂಡಿಸುತ್ತಾನೆ. ಅನಂತರವೇ ಎರಡನೆಯ ಕೊಡ. ಅಂದರೆ ಗಾಯ ಮಾಯಬೇಕಾದರೆ ಗಾಯಗೊಂಡ ರೂಪಕ್ಕೇ ಮತ್ತೊಮ್ಮೆ ಹೋಗಬೇಕು. ಈ ಸಲ ಜತೆಯಲ್ಲಿ ಕೈ ಸೋಕಿಸಲು ಬಲ್ಲವರಿರಬೇಕು. ಕಥೆಯ ವೈದ್ಯವಿದು. ಗಿರೀಶ ಕಾರ್ನಾಡರ 'ಚೆಲುವಿ' ಚಿತ್ರವು (1992) ಇದೇ ಕಥೆಯನ್ನು ಆಧರಿಸಿದ್ದು; 2006ರಲ್ಲಿ ಇದು ವಿಯೆನ್ನಾದಲ್ಲಿ ಜಾನ್ ಆಡಮ್ಸ್‌ರ ಗೀತನಾಟಕವಾಗಿಯೂ ರಂಗವೇರಿತು.

ಪಾಶ್ಚಾತ್ಯ ಕೃತಿಗಳಲ್ಲಿ ಎರಡನ್ನು ಇದರೊಡನೆ ಹೋಲಿಸಬಹುದು. ಜರ್ಮನ್ ಲೇಖಕ ಮಿಖಾಯೆಲ್ ಎಂಡೆಯ 'ಕೊನೆಯಿಲ್ಲದ ಕಥೆ' (1979) ಸಹಪಾಠಿಗಳ ಪೀಡೆಗೆ ಅಂಜಿ ಪುಸ್ತಕದಂಗಡಿಯೊಳಕ್ಕೆ ಓಡಿಬರುವ ಬಾಸ್ಟಿಯನ್ ಎಂಬ ಸ್ಥೂಲಕಾಯದ ಹುಡುಗನಿಂದ ಆರಂಭವಾಗುತ್ತದೆ. ಶಾಲೆಯ ಅಟ್ಟದಲ್ಲಿ ಅಡಗಿ ಓದುತ್ತ ಓದುತ್ತ ಆತನು ಕಥಾಲೋಕವನ್ನೇ ಹೊಗುತ್ತಾನೆ. ಅಲ್ಲಿ ಬಯಸಿದ್ದೆಲ್ಲ ಸಿದ್ಧಿ: ರೂಪ, ಬಲ, ಕೀರ್ತಿ. ಆದರೆ ಒಂದೊಂದು ಬಯಕೆಗೂ ಪೂರ್ವಜೀವನದ ಒಂದೊಂದು ನೆನಪು ಬೆಲೆ. ಸೋಲಿನ ನೆನಪು ಹೋದಂತೆ ಸೋತವರ ಮೇಲಿನ ಕನಿಕರವೂ ಹೋಗುತ್ತದೆ, ಪೀಡಿತನು ಪೀಡಕನಾಗುತ್ತಾನೆ. ಕಡೆಗೆ ತನ್ನ ಹೆಸರನ್ನೇ ಮರೆತ ಮೇಲೆ ಆತನಿಗೆ ಮನೆಯ ದಾರಿ ತೆರೆಯುತ್ತದೆ. ಬಯಕೆ ತೀರಿಸುವ ಕಥೆಗಳ ಒಳಗಿನ ಅಪಾಯವನ್ನು ಅಂತಹುದೇ ಒಂದು ಕಥೆಯಿಂದ ತೋರಿಸಿದ್ದು ಈ ಕೃತಿಯ ಹಿರಿಮೆ.

ಅಮೆರಿಕದ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' (1968) ಇನ್ನೂ ಮುಂದೆ ಹೋಗುತ್ತದೆ. ಮೇಕೆ ಕಾಯುತ್ತಿದ್ದ ಗೆಡ್ ಎಂಬ ಹುಡುಗನು ಮಾಂತ್ರಿಕರ ಗುರುಕುಲವನ್ನು ಸೇರಿದಾಗ ಸಿರಿವಂತಿಕೆಯ ನಯವಂತ ಜಾಸ್ಪರನ ಕೊಂಕುನುಡಿಗಳಿಗೆ ಗುರಿಯಾಗುತ್ತಾನೆ. ಹೊಡೆತವಿಲ್ಲ, ಬೈಗುಳವಿಲ್ಲ, ಬರಿಯ ಕೊಂಕು. ಅದಕ್ಕೆ ಉತ್ತರವಾಗಿ ತನ್ನ ಶಕ್ತಿಯನ್ನು ತೋರಹೋಗಿ ಗೆಡ್ ಸತ್ತವರನ್ನು ಕರೆಯುತ್ತಾನೆ; ತೆರೆದ ಬಿರುಕಿನಿಂದ ಒಂದು ನೆರಳು ಹೊರಬೀಳುತ್ತದೆ. ಬಿರುಕನ್ನು ಮುಚ್ಚಿದ ವೃದ್ಧಗುರು ಅಸುನೀಗುತ್ತಾನೆ. ಅನಂತರದ ಕಥೆಯಲ್ಲಿ ಜಾಸ್ಪರನಿಗೆ ಮುಖ್ಯ ಸ್ಥಾನವೇ ಇಲ್ಲ. ಗೆಡ್ ಎದುರಿಸಬೇಕಾದದ್ದು ಅವಮಾನವು ತನ್ನೊಳಗಿನಿಂದ ಎಬ್ಬಿಸಿದ ನೆರಳನ್ನು. ಅದಕ್ಕೆ ತನ್ನ ಹೆಸರನ್ನೇ ಇಟ್ಟು ಕರೆದಾಗ ಆತನು ಪೂರ್ಣನಾಗುತ್ತಾನೆ.

ಈ ಮೂರು ಕೃತಿಗಳಿಂದ ವಿಮರ್ಶೆಗೆ ದೊರೆಯುವ ಮಾನದಂಡಗಳು ಸ್ಪಷ್ಟ. ಮೊದಲನೆಯದು, ಅದ್ಭುತವು ನೋವಿಗೆ ರೂಪ ಕೊಡಬೇಕೇ ಹೊರತು ಪ್ರತೀಕಾರಕ್ಕೆ ಆಯುಧ ಒದಗಿಸಿ ಸುಮ್ಮನಾಗಬಾರದು. ಪೀಡಕನನ್ನು ದೈತ್ಯನನ್ನಾಗಿಸಿ ಕೊನೆಯ ಅಧ್ಯಾಯದಲ್ಲಿ ಕೊಲ್ಲಿಸುವ ಕಥೆ ಓದುವಷ್ಟು ಹೊತ್ತು ಹಿತ; ಮರುದಿನ ತರಗತಿಯಲ್ಲಿ ಕುಳಿತಿರುವವನು ದೈತ್ಯನಲ್ಲ, ಪಕ್ಕದ ಮನೆಯ ಹುಡುಗ. ಎರಡನೆಯದು, ಅದ್ಭುತಕ್ಕೆ ನಿಯಮವೂ ಬೆಲೆಯೂ ಇರಬೇಕು: ಉಗುರು ಸೋಕದ ನೀರು, ಕಳೆದುಹೋಗುವ ನೆನಪು, ಹಿಂಬಾಲಿಸುವ ನೆರಳು. ಬೆಲೆಯಿಲ್ಲದ ಮಾಯೆ ಓದುಗನಿಗೆ ಹಗಲುಗನಸನ್ನಷ್ಟೇ ಕೊಡುತ್ತದೆ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ನೊಂದುದರಿಂದಲೇ ನಾಯಕನಿಗೆ ದಿವ್ಯಶಕ್ತಿ ಬಂತೆಂದು ಹೇಳುವ ಕಥೆಯು ತಿಳಿಯದೆಯೇ ಹಿಂಸೆಯನ್ನು ಸಮರ್ಥಿಸುತ್ತದೆ. ಹೂಮರದ ಹುಡುಗಿಗೆ ಆ ಶಕ್ತಿ ಮೊದಲೇ ಇತ್ತು. ಹಿಂಸೆ ಅದನ್ನು ಕೊಡಲಿಲ್ಲ, ಕೆಡಿಸಿತು. ಈ ವಿವೇಕವು ಅಕ್ಷರವರಿಯದ ಕಥೆಗಾರ್ತಿಯರಲ್ಲಿ ಇದ್ದಷ್ಟು ಅನೇಕ ಜನಪ್ರಿಯ ಗ್ರಂಥಕಾರರಲ್ಲಿ ಕಾಣದು.

ಕನ್ನಡದಲ್ಲಿ ಈ ಬಗೆಯ ಬರವಣಿಗೆಗೆ ಆಧಾರಗಳೇನೂ ಕಡಮೆಯಿಲ್ಲ. ಏಕಲವ್ಯನ ಕಥೆಯನ್ನು ಕುವೆಂಪು 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಹೊಸದಾಗಿ ಕಂಡರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ದೀಪದ ಜೋತಮ್ಮಗಳು ಮಾತನಾಡುತ್ತವೆ. ಅಲ್ಲಿ ಅದ್ಭುತವು ಸಾಕ್ಷ್ಯವನ್ನು ಮರೆಸುವುದಿಲ್ಲ, ಬೆಳಗುತ್ತದೆ. ಆದರೆ ಇವು ಪ್ರೌಢರ ಕೃತಿಗಳು. ಮಕ್ಕಳ ಪದ್ಯಗಳಿಗೂ ಹಿರಿಯರ ಕಾದಂಬರಿಗಳಿಗೂ ನಡುವಣ ವಯಸ್ಸಿನ ಓದುಗರಿಗಾಗಿ ಬರೆಯುವವರು ವಿರಳ. ಆ ವಯಸ್ಸಿನವರು ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಗುಟ್ಟಾಗಿ ಕಥೆ ಬರೆಯುವುದುಂಟು. ಹೊರನಾಡಿನಲ್ಲಾದರೆ ಅದು ಬಹುಶಃ ಕನ್ನಡದಲ್ಲಿರುವುದೂ ಇಲ್ಲ. ಕನ್ನಡ ಸಂಘಗಳು ಹಬ್ಬದ ದಿನ ಮಕ್ಕಳಿಂದ ಹಾಡಿಸುವುದು ಒಳ್ಳೆಯದೇ. ಅದರೊಡನೆ ಹೂಮರದ ಕಥೆಯನ್ನು ಹೇಳಿಸಿ, ಆ ಹುಡುಗಿಯ ಕೊಂಬೆ ಮುರಿದವರು ಯಾರೆಂದು ಮಕ್ಕಳನ್ನೇ ಕೇಳುವುದು ಇನ್ನೂ ಒಳ್ಳೆಯದು. ಉತ್ತರ ಹೇಳುವ ಮಗುವಿನಲ್ಲಿ ಕೊಂಬೆ ಮುರಿಸಿಕೊಂಡವರೂ ಇರಬಹುದು, ಮಳೆಗೆ ಓಡಿಹೋದವರೂ ಇರಬಹುದು. ಇಬ್ಬರಿಗೂ ಆ ಕಥೆ ಬೇಕಾಗಿದೆ.