ಕೆಂಪಿಲ್ಲದ ಗೋಬಿ ಮಂಚೂರಿ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ನಿಷೇಧಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ವಿಚಿತ್ರವೆಂದರೆ ಮನೆಯಡುಗೆಯವರ ಕೆಂಪಿನ ಹಂಬಲ. ಪೊಟ್ಟಣದ ಬಣ್ಣ ಬೇಡವೆಂದು ಬೀಟ್‌ರೂಟ್ ರಸ ಹಿಂಡುತ್ತಾರೆ, ಬ್ಯಾಡಗಿ ಮೆಣಸಿನ ಪುಡಿಯನ್ನು ಕೈತುಂಬ ಸುರಿಯುತ್ತಾರೆ. ಬೀದಿ ಗಾಡಿಯವನ ಕಸುಬು ಬಿಟ್ಟು ಥಳುಕನ್ನಷ್ಟೇ ಮನೆಗೆ ತಂದಂತಾಯಿತು. ಈ ತಿಂಡಿಯ ಹುಟ್ಟಿನಲ್ಲಿ ಕೆಂಪಿಗೆ ಜಾಗವೇ ಇರಲಿಲ್ಲ. ಕೋಲ್ಕತ್ತ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್‌ನಲ್ಲಿ ಚಿಕನ್ ಮಂಚೂರಿಯನ್ ಮಾಡಿದಾಗ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ನಮ್ಮ ಒಗ್ಗರಣೆಯನ್ನೇ ಹಿಡಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಹಾಕಿದರು. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲಂತೂ ಅದು ಸಸ್ಯಾಹಾರಿಗಳ ಬೀದಿಗೂ ಇಳಿಯಿತು.

ಗಾಡಿಯ ನಿಜವಾದ ಗುಟ್ಟು ಬಾಣಲೆಯ ಪಕ್ಕದಲ್ಲೇ ಇದೆ: ಒಮ್ಮೆ ಕರಿದು ಗುಡ್ಡೆ ಹಾಕಿದ ಗೋಬಿ. ಗಿರಾಕಿ ಕೇಳಿದ ಮೇಲೆ ಅದನ್ನು ಇನ್ನಷ್ಟು ಕಾದ ಎಣ್ಣೆಗೆ ಮತ್ತೆ ಬಿಟ್ಟು, ಕುದಿದು ಗಟ್ಟಿಯಾದ ಸಾಸಿನಲ್ಲಿ ಎರಡು ಸಲ ಹಾರಿಸಿ ತಟ್ಟೆಗೆ ಹಾಕುತ್ತಾರೆ. ನೋಡುವವರಿಗೆ ಹಳಸಲು ಮಾಲು ಅನಿಸಬಹುದು. ಗರಿಗರಿತನ ಬರುವುದು ಮಾತ್ರ ಅಲ್ಲಿಂದಲೇ. ಹೂಕೋಸಿನ ಮೈತುಂಬ ನೀರು. ಮೊದಲ ಸಲ ಕರಿದಾಗ ಒಳಗು ಬೆಂದು ನೀರು ಹೊರಬಂದು ಹೊದಿಕೆ ಮೆತ್ತಗಾಗುತ್ತದೆ. ಎರಡನೆಯ ಸಲ ಆ ಹೊದಿಕೆ ಒಣಗುತ್ತದೆ. ಮನೆಯಲ್ಲಿ ಒಂದೇ ಸಲ ಕರಿದು ಸಾಸಿನಲ್ಲಿ ಐದು ನಿಮಿಷ ಬೇಯಿಸಿದರೆ ಸಿಗುವುದು ಬಜ್ಜಿಯ ಸಾರು.

ಮನೆಯ ಒಲೆಗೆ ಗಾಡಿಯಷ್ಟು ಉರಿ ಎಲ್ಲಿದೆ ಎಂಬ ತಕರಾರು ಅರ್ಧ ನಿಜ. ಗಾಡಿಯ ಜೋರು ಉರಿಯಲ್ಲಿ ಬರುವ ಹೊಗೆಯ ವಾಸನೆ ಮನೆಯಲ್ಲಿ ಬರುವುದಿಲ್ಲ. ಆದರೆ ಗರಿಗರಿತನಕ್ಕೆ ಉರಿಗಿಂತ ಮುಖ್ಯ ತೇವ: ಉಪ್ಪುನೀರಿನಲ್ಲಿ ಕುದಿಸಿದ ಹೂಗಳನ್ನು ಬಟ್ಟೆಯ ಮೇಲೆ ಆರಿಸಿ, ಹಿಟ್ಟು ತೆಳುವಾಗಿ ಹಚ್ಚಿ, ಬಾಣಲೆ ತುಂಬಿಸದೆ ಸ್ವಲ್ಪಸ್ವಲ್ಪವೇ ಕರಿದರೆ ಸಣ್ಣ ಒಲೆಯೂ ಸಾಕು. ಕಣ್ಣಿಗೆ ಚೆಂದ ಕಾಣದಿದ್ದರೆ ಮಕ್ಕಳು ತಿನ್ನುವುದಿಲ್ಲ ಎನ್ನುವವರು ಸೋಯಾ ಸಾಸಿನ ಕಂದು ಹೊಳಪಿನ ಮೇಲೆ ಈರುಳ್ಳಿ ಸೊಪ್ಪು ಉದುರಿಸಿ ನೋಡಲಿ. ಕೆಂಪಿಗೆಂದು ಸುರಿದ ಅತಿಯಾದ ಮೆಣಸಿನ ಪುಡಿಯಾದರೋ ಎಣ್ಣೆಯಲ್ಲಿ ಸೀದು ಕಹಿಯಾಗುತ್ತದೆ. ಎರಡು ಸಲ ಕರಿದದ್ದು ಆರೋಗ್ಯಕ್ಕೆ ಒಳ್ಳೆಯದೇ ಎಂದರೆ, ಅಲ್ಲ. ಎಣ್ಣೆ ಬೇಡವೆನ್ನುವವರಿಗೆ ಹೂಕೋಸಿನ ಪಲ್ಯವಿದೆ, ಅದು ರುಚಿಯಾಗಿಯೂ ಇರುತ್ತದೆ. ಓವನ್ನಿನಲ್ಲಿ ಬೇಯಿಸಿ ಸಾಸ್ ಸುರಿದದ್ದನ್ನು ಮಂಚೂರಿ ಎಂದು ಬಡಿಸುವುದಕ್ಕಿಂತ ಅದೇ ಮೇಲು.